ಸೌತೆ ಮಿಡಿ ತೋರಿಸಿದ ಬೆರಳು

ಸಾಲಿಗ್ರಾಮದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರು ಹೆಂಗಸರು ಮಹಿಳಾ ಸಂಘದ ತರಕಾರಿ ತೋಟದಿಂದ ಬಂದವರು. ಅವರ ಹರಿವೆ ಸೊಪ್ಪಿನ ಕಟ್ಟಿನ ಮಣ್ಣು ನನ್ನ ಪಂಚೆಗೂ ತಾಗಿತ್ತು. ಅವರ ಮಾತು ಕೇಳಿಸಿಕೊಳ್ಳಬಾರದಿತ್ತು, ಕೇಳಿಸಿಕೊಂಡೆ. ಕಿರಿಯವಳು ಶುರುಮಾಡಿದಳು:

“ಜಲಜಕ್ಕ, ಗುಲಾಬಿ ಎಂತಕೆ ತೋಟಕ್ಕೆ ಬಪ್ಪುದ್ ಬಿಟ್ಟದ್?”

“ನಾನೇ ಬಿಡ್ಸದ್, ಸುಗುಣ.”

“ಮಣ್ಣಲ್ಲಿ ಎಲ್ಲರೊಟ್ಟಿಗೆ ಕೆಲ್ಸ ಮಾಡ್ರೆ ಮನ್ಸ್ ಸಮ ಆತ್ತ್ ಅಂದೇಳಿ ಡಾಕ್ಟ್ರೇ ಕಳ್ಸದ್ದಲ್ದಾ ಅವ್ಳನ್ನ?”

“ಹೌದ್. ಎರಡ್ ತಿಂಗ್ಳ್ ಮಾತೇ ಇಲ್ಲ. ಒಂದ್ ದಿನ ಮೊದ್ಲ್ ಸಲ ಬಾಯ್ ಬಿಟ್ಟಳ್. ‘ಅಕ್ಕ, ಸೌತೆ ಮಿಡಿ ಕಾಣಿ’ ಅಂದೇಳಿ ಬೆರಳ್ ತೋರ್ಸದ್ಳ್.”

“ಅಯ್ಯೋ, ಮಿಡಿಗೆ ಬೆರಳ್ ತೋರ್ಸ್ರೆ ಕೊಳಿತ್ತ್ ಅಂತ್ರಲ್ಲ!”

“ನಾಲ್ಕ್ ದಿನಕ್ಕೆ ಎಲ್ಲ ಕೊಳ್ತ್ ಹೋಯ್ತ್. ‘ನಿನ್ನ ಬೆರಳಿಂದ್ಲೇ’ ಅಂದೇಳಿ ಎಲ್ಲರ ಎದ್ರ್ ಬೈದೆ. ಆಮೇಲೆ ಒಂದ್ ಕೊಯ್ದ್ ಕಂಡ್ರೆ, ಒಳ್ಗೆ ಪೂರಾ ಹುಳ.”

“ಅದನ್ನ ಅವ್ಳಿಗೆ ಹೇಳ್ದ್ರಿಯಾ?”

“ಎಂತ ಮುಖ ಹೊತ್ಕಂಡ್ ಹೋಪುದ್? ಈಗ ಮನೇಲೂ ಅವ್ಳ್ ಬೆರಳ್ ಮಡ್ಚಿದ್ ಮುಷ್ಟಿ ಬಿಡುದಿಲ್ಲ ಅಂಬ್ರ್. ಅಮ್ಮನೇ ಉಣ್ಸುದಂಬ್ರ್.”

ಕುಂದಾಪುರದ ಬಸ್ ಕಾಣಿಸಿತು. “ಅದೇ ನಮ್ದ್” ಎಂದು ಜಲಜಕ್ಕ ಬೆರಳು ಚಾಚಿದರು. ಚಾಚಿದವರು ತಟ್ಟನೆ ಅದನ್ನು ಮಡಚಿ, ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ಹತ್ತಿದರು.