ಅರವತ್ತು ಮೀಟರ್ ಕೇಬಲ್ ಮತ್ತು ಒಂದು ಛಲೋ ರೀಡಿಂಗ್

‘ಹೋದ ದನಿ ಹಿಂದಿರುಗದಿದ್ದರೆ ಮನೆ ಮುಟ್ಟಿತೆಂದು ತಿಳಿ...’ ಮುಂದಿನ ಸಾಲು ನೆನಪಾಗುತ್ತಿಲ್ಲ. ಎಂ.ಎ. ಓದುವಾಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡದ್ದು, ಯಾರದೆಂಬುದೂ ಮರೆತಿದೆ. ಆಗ ಬಹಳ ಚೆಂದ ಅನ್ನಿಸಿತ್ತು. ಈಗ ಕೇಳಬೇಕೆನಿಸುತ್ತದೆ: ನಿಜವೇ? ಹಿಂದಿರುಗದ ದನಿಯೆಲ್ಲ ಮನೆ ಮುಟ್ಟಿರುತ್ತದೆಯೇ?

ಸಂಬೋಧನೆಗೆ ಮೊದಲೇ ಕವಿತೆ ಹೇಳಿದ್ದಕ್ಕೆ ಕ್ಷಮೆ ಇರಲಿ. ಸಭೆಯ ಅಧ್ಯಕ್ಷರೂ ನಮ್ಮ ಎರೆಸೀಮೆ ಬಾನುಲಿಯ ಕೇಬಲ್ ದಾನಿಗಳೂ ಆದ ವಿರೂಪಾಕ್ಷಪ್ಪನವರೇ, ಇಂದು ಸನ್ಮಾನಗೊಳ್ಳುತ್ತಿರುವ ಬಾನುಲಿ ನಿರ್ದೇಶಕ ಪ್ರಭುರಾಜ ಸರ್ ಅವರೇ, ಊಟಕ್ಕೆ ತಡವಾಗುತ್ತದೆಂದು ಗೊತ್ತಿದ್ದೂ ಎದ್ದು ಹೋಗದ ಯಲಬುರ್ಗಾದ ಸಭಿಕರೇ,

ಬಾನುಲಿ ಸಮಿತಿಯ ಕಾರ್ಯದರ್ಶಿಯಾಗಿ ಅಭಿನಂದನಾ ನುಡಿ ಆಡುವುದು ನನ್ನ ಪಾಲಿಗೆ ಬಂದಿದೆ. ಬರೆದು ತಂದ ಭಾಷಣ ಕೈಚೀಲದಲ್ಲಿದೆ. ಅದು ಅಲ್ಲೇ ಇರಲಿ. ಕಾರಣವನ್ನು ಕೊನೆಗೆ ಹೇಳುತ್ತೇನೆ.

ನನ್ನ ಬೆನ್ನ ಹಿಂದಿನ ಬ್ಯಾನರ್ ಓದಿದ್ದೀರಿ: ‘ಸತತ ಹನ್ನೊಂದು ತಿಂಗಳು ೧.೧! ದೋಷರಹಿತ ಪ್ರಸಾರ!’ ಈ ೧.೧ ಎಂದರೇನು? ನಾನು ಕನ್ನಡ ಪಾಠ ಮಾಡುವವಳು, ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ದನಿ ಕೇಂದ್ರದಿಂದ ಕೇಬಲ್ಲಿನಲ್ಲಿ ಹೊರಟು ಮಾಳಿಗೆಯ ಕಂಬದ ತುದಿಯ ಆಂಟೆನಾ ತಲುಪಿ ಗಾಳಿಗೆ ಹೋಗಬೇಕು. ಆಂಟೆನಾ ಒಲ್ಲೆನೆಂದದ್ದು ಅದೇ ಕೇಬಲ್ಲಿನಲ್ಲಿ ಹಿಂದಿರುಗುತ್ತದೆ. ಎಷ್ಟು ಹಿಂದಿರುಗಿತು ಎಂದು ಅಳೆಯಲು ಅಂಗೈಯಗಲದ ಒಂದು ಸಾಧನವಿದೆ. ಅದರ ನಾಮಧೇಯ ವೆಕ್ಟರ್ ನೆಟ್‌ವರ್ಕ್ ಅನಲೈಸರ್. ನಾವು ‘ಮೀಟರ್’ ಎನ್ನುತ್ತೇವೆ. ಏನೂ ಹಿಂದಿರುಗದಿದ್ದರೆ ಅದು ೧ ತೋರಿಸುತ್ತದೆ. ನಮ್ಮದು ೧.೧. ಇದಕ್ಕಿಂತ ಪುಣ್ಯ ಬೇಕೇ?

ಅಳೆಯುವ ಮೊದಲು ಮೀಟರಿಗೆ ಮೂರು ಪುಟ್ಟ ಮುಚ್ಚಳಗಳನ್ನು ಒಂದೊಂದಾಗಿ ತೊಡಿಸಬೇಕು: ಓಪನ್, ಶಾರ್ಟ್, ಲೋಡ್. ಬಿಟ್ಟದ್ದು ಹೀಗಿರುತ್ತದೆ, ಕಟ್ಟಿದ್ದು ಹೀಗಿರುತ್ತದೆ, ಸರಿಯಾದದ್ದು ಹೀಗಿರುತ್ತದೆ ಎಂದು ಮೊದಲು ಅದಕ್ಕೆ ತೋರಿಸಿಕೊಡಬೇಕು. ಇದೇ ಕ್ಯಾಲಿಬ್ರೇಶನ್. ಆಗಾಗ ಮಾಡುತ್ತಿರಬೇಕಾದ ಕೆಲಸ. ನಾವು ಒಮ್ಮೆ ಮಾಡಿದೆವು. ಮಾಡಿದೆವು ಎಂದರೆ, ಉದ್ಘಾಟಿಸಿದೆವು. ಇದೇ ವಿರೂಪಾಕ್ಷಪ್ಪನವರು ಶಾಲು ಹೊದ್ದು ಮೂರೂ ಮುಚ್ಚಳ ತಿರುಗಿಸಿದರು, ನಾವು ಮೂರು ಸಲ ಚಪ್ಪಾಳೆ ತಟ್ಟಿದೆವು. ಆಮೇಲೆ ಅದನ್ನು ಯಾರೂ ಮುಟ್ಟಕೂಡದು ಎಂದಾಯಿತು. ಗಣ್ಯರು ಉದ್ಘಾಟಿಸಿದ್ದನ್ನು ಮತ್ತೊಬ್ಬರು ಮತ್ತೆ ಮಾಡಿದರೆ ಗಣ್ಯರ ಮರ್ಯಾದೆ ಏನಾಗಬೇಕು?

ಇನ್ನು ಕೇಬಲ್. ನಮಗೆ ಬೇಕಿದ್ದದ್ದು ಇಪ್ಪತ್ತು ಮೀಟರ್. ವಿರೂಪಾಕ್ಷಪ್ಪನವರು ತಮ್ಮ ತಾಯಿ ವಿರೂಪಾಕ್ಷಮ್ಮನವರ ಸ್ಮರಣಾರ್ಥ ಕೊಟ್ಟದ್ದು ಅರವತ್ತು. ದೊಡ್ಡ ಮನಸ್ಸು. ಸ್ಮರಣಾರ್ಥ ಕೊಟ್ಟದ್ದನ್ನು ಕತ್ತರಿಸುವುದುಂಟೇ? ಶಾಲೆಯ ಫ್ಯಾನು ತಿರುಗದಿದ್ದರೂ ಅದರ ರೆಕ್ಕೆಯ ಮೇಲೆ ದಾನಿಯ ಹೆಸರಿದೆಯೆಂದು ಇಳಿಸದವರು ನಾವು. ಉಳಿದ ನಲವತ್ತು ಮೀಟರನ್ನು ಸಿಂಬಿ ಸುತ್ತಿ ಮಾಳಿಗೆಯ ಮೇಲೆ ನೀರಿನ ಟಾಕಿಯ ಪಕ್ಕದಲ್ಲಿಟ್ಟು, ಹೆಸರಿನ ಫಲಕ ಹಾಕಿ, ಹಾರ ಹಾಕಿದೆವು. ದನಿ ಮೊದಲು ಆ ನಲವತ್ತು ಮೀಟರ್ ಪ್ರದಕ್ಷಿಣೆ ಮುಗಿಸಿ ಆಮೇಲೆ ಕಂಬ ಹತ್ತಬೇಕು. ಟಾಕಿ ದಿನಾ ತುಂಬಿ ಹರಿಯುತ್ತದೆ. ಕೇಬಲ್ಲಿಗೆ ದಿನಾ ಅಭಿಷೇಕ.

ಈ ಕಥೆಯಲ್ಲಿ ಒಬ್ಬರೇ ಒಬ್ಬರು ಅಪರಾಧಿ. ನಮ್ಮ ಗುತ್ತಿಗೆ ತಂತ್ರಜ್ಞೆ ಶ್ವೇತಾ. ದಿನಾ ಕುಷ್ಟಗಿಯಿಂದ ಬಸ್ಸಿನಲ್ಲಿ ಬರುವವರು. ಮೊದಲೆಲ್ಲ ಊರು ಇನ್ನೂ ಹತ್ತು ಕಿಲೋಮೀಟರ್ ಇರುವಾಗಲೇ ಅವರ ಮೊಬೈಲಿನಲ್ಲಿ ನಮ್ಮ ಬಾನುಲಿ ಕೇಳುತ್ತಿತ್ತಂತೆ. ಈಗ ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಿಂತರೂ ಬರೀ ಸೊರ್ ಎಂಬ ಸದ್ದು. ನಮಗೇಕೆ ಗೊತ್ತಾಗಲಿಲ್ಲ ಎನ್ನುತ್ತೀರಾ? ನಾವು ಕೇಂದ್ರದೊಳಗೆ ಕೂತು ನಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದೆವು. ಬಹಳ ಸ್ಪಷ್ಟವಾಗಿತ್ತು.

ಶ್ವೇತಾ ಮೊದಲು ಮೀಟರನ್ನೇ ಅನುಮಾನಿಸಿದರು. ಹಳೆಯ ಕ್ಯಾಲಿಬ್ರೇಶನ್ ಅಳಿಸಿ ಹೊಸದು ಮಾಡಿದರು. ಆಗಲೂ ೧.೧. ಕಂಬ ಹತ್ತಿ ಕೇಬಲ್ಲನ್ನು ಆಂಟೆನಾದಿಂದ ಬಿಚ್ಚಿ ಇಳಿದು ಬಂದು, ನಮ್ಮನ್ನೆಲ್ಲ ಕರೆದರು.

“ಮ್ಯಾಲೆ ಆಂಟೆನಾ ಇಲ್ರಿ ಮೇಡಂ, ಬಿಚ್ಚೀನಿ. ಈಗ ಮೀಟರ್ ನೋಡ್ರಿ.”

ನೋಡಿದೆವು. ೧.೧.

ಪ್ರಭುರಾಜ ಸರ್ ಹಿಗ್ಗಿದರು. “ನೋಡಿದ್ರೇನ್ರಿ! ಆಂಟೆನಾ ಇಲ್ದಿದ್ರೂ ಒಂದು ಪಾಯಿಂಟ್ ಒಂದು! ಎಂಥಾ ಗಟ್ಟಿ ವ್ಯವಸ್ಥಾ ಮಾಡೀವಿ!”

“ಸರ್, ಆಂಟೆನಾ ಇಲ್ಲಂದ್ರ ಕಳಿಸಿದ್ದೆಲ್ಲಾ ತಿರುಗಿ ಬರಬೇಕ್ರಿ. ಬರವಲ್ದು ಅಂದ್ರ ನಡುವ ಕೇಬಲ್ಲ ನುಂಗಾಕತ್ತೈತಿ. ಹೋಗೂ ಮುಂದನೂ ನುಂಗತೈತಿ, ಬರೂ ಮುಂದನೂ ನುಂಗತೈತಿ. ನೀರು ಕುಡದೈತ್ರಿ ಅದು.”

ವಿರೂಪಾಕ್ಷಪ್ಪನವರ ಮುಖ ಕೆಂಪಾಯಿತು. “ನಮ್ಮವ್ವನ ಹೆಸರಿನ ಕೇಬಲ್ ನುಂಗತೈತಿ ಅಂತೀಯೇನವಾ?”

ಮೀಟರ್ ಸುಳ್ಳು ಹೇಳಿರಲಿಲ್ಲ, ಸಭಿಕರೇ. ‘ಏನಾದರೂ ಹಿಂದಿರುಗಿತೇ?’ ಎಂದು ನಾವು ಕೇಳಿದೆವು. ‘ಇಲ್ಲ’ ಎಂದಿತು. ‘ಮುಟ್ಟಿತೇ?’ ಎಂದು ನಾವು ಕೇಳಲೇ ಇಲ್ಲ.

ಇಲ್ಲಿ ನನ್ನದೊಂದು ಮನೆವಾರ್ತೆ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದಿಂದ ನಾನು ಬರೆದ ಕವಿತೆಗಳನ್ನು ಮೊದಲು ಓದಿ ಹೇಳುವುದು ನಮ್ಮ ಯಜಮಾನರಿಗೆ. ಒಂದಕ್ಕೂ ತಕರಾರು ಬಂದಿಲ್ಲ. “ಭಾಳ ಛಲೋ ಐತಿ” ಎನ್ನುತ್ತಾರೆ. ಎಂಥ ರಸಿಕರು ಸಿಕ್ಕರೆಂದು ಗೆಳತಿಯರ ಮುಂದೆ ಹೇಳಿಕೊಂಡವಳು ನಾನು. ಶ್ವೇತಾ ಆಂಟೆನಾ ಬಿಚ್ಚಿದ ವಾರ ನನಗೂ ಒಂದು ಯೋಚನೆ ಬಂತು. ಕವಿತೆ ಓದುವ ದನಿಯಲ್ಲೇ, ಅಲ್ಲಲ್ಲಿ ನಿಲ್ಲಿಸಿ, ಕಿರಾಣಿ ಚೀಟಿ ಓದಿದೆ. ತೊಗರಿಬೇಳೆ ಎರಡು ಕೆ.ಜಿ... ಇಂಗು... ಬಟ್ಟೆ ಸೋಪು ನಾಲ್ಕು. ಅವರು ಪೇಪರಿನಿಂದ ಕಣ್ಣೆತ್ತದೆ, “ಭಾಳ ಛಲೋ ಐತಿ. ಕೊನೀ ಸಾಲಂತೂ...” ಎಂದರು. ನೀವು ನಗುತ್ತಿದ್ದೀರಿ. ನಗಿ. ನಾನೂ ನಕ್ಕೆ. ಅಂದಿನಿಂದ ಅವರಿಗೆ ಏನೂ ಓದಿ ಹೇಳಿಲ್ಲ. ಯಾಕೆ ಓದುತ್ತಿಲ್ಲ ಎಂದು ಅವರೂ ಕೇಳಿಲ್ಲ.

ಇರಲಿ. ಬಾನುಲಿಗೆ ಬರೋಣ. ಶ್ವೇತಾ ಅವರ ಮೇಲೆ ನೋಟಿಸು ಹೊರಟಿತು. ಒಂದನೆಯ ಆರೋಪ: ಗಣ್ಯರು ಉದ್ಘಾಟಿಸಿದ ಕ್ಯಾಲಿಬ್ರೇಶನ್ ಅನ್ನು ಅನುಮತಿಯಿಲ್ಲದೆ ಅಳಿಸಿದ್ದು. ಎರಡನೆಯದು: ದಾನಿಗಳ ಮನಸ್ಸಿಗೆ ನೋವುಂಟು ಮಾಡಿದ್ದು. ನಾಳೆ ಹನ್ನೊಂದು ಗಂಟೆಗೆ ಸಮಿತಿ ಸೇರಿ ಅವರ ಕೆಲಸ ತೆಗೆಯಬೇಕೆಂದಿದೆ. ನೋಟಿಸಿನ ಭಾಷೆ ಚೆನ್ನಾಗಿದೆ, ಒಂದೂ ತಪ್ಪಿಲ್ಲ. ಬರೆದವಳು ನಾನೇ, ಸಹಿಯೂ ನನ್ನದೇ. ಆ ಹನ್ನೊಂದು ತಿಂಗಳ ೧.೧ರ ಕೆಳಗೂ ನನ್ನ ಸಹಿಯಿದೆ. ಜನರಿಂದ ದೂರು ಬಂದಿಲ್ಲ, ಆದ್ದರಿಂದ ಎಲ್ಲರೂ ಸಂತುಷ್ಟರು ಎಂದು ವರದಿಯಲ್ಲಿ ಬರೆದವಳೂ ನಾನೇ.

ಆ ಸಂತುಷ್ಟರಲ್ಲಿ ಒಬ್ಬರು ನಮ್ಮ ಎದುರು ಮನೆಯ ದುರುಗವ್ವ. ಎಂಟು ತಿಂಗಳ ಹಿಂದೆ ಕೇಂದ್ರಕ್ಕೆ ಕರೆದೊಯ್ದು ಅವರಿಂದ ಬೀಸುವ ಪದ ಹಾಡಿಸಿದ್ದೆ. ಹೊಸ ಸೀರೆ ಉಟ್ಟು ಬಂದಿದ್ದರು. ಮೂರು ಸಲ ಪ್ರಸಾರ ಮಾಡಿದೆವು. ಕೇಳಿದೆನೆಂದು ಅವರು ಒಂದು ಮಾತೂ ಆಡಲಿಲ್ಲ. ಸಂಕೋಚವಿರಬೇಕು ಅಂದುಕೊಂಡೆ.

ವೇದಿಕೆಯಿಂದ ಇಳಿಯುವ ಮೊದಲು ನನ್ನ ಆ ಎರಡೂ ಸಹಿಗಳನ್ನು ಈ ತುಂಬಿದ ಸಭೆಯಲ್ಲಿ ಹಿಂತೆಗೆದುಕೊಳ್ಳುತ್ತೇನೆ. ನಾಳಿನ ಸಭೆಯಲ್ಲಿ ಕೆಲಸ ತೆಗೆಯಲೇಬೇಕೆಂದಿದ್ದರೆ ಕಾರ್ಯದರ್ಶಿಯದನ್ನು ತೆಗೆಯಿರಿ. ಪ್ರಭುರಾಜ ಸರ್, ತಮಗೆ ಅಭಿನಂದನೆ. ಕಿನ್ನಾಳದ ಈ ಬಣ್ಣದ ಮರದ ಗಿಣಿಯನ್ನು ದಯವಿಟ್ಟು ಸ್ವೀಕರಿಸಿ, ಇದೂ ತಿರುಗಿ ಮಾತಾಡುವುದಿಲ್ಲ. ವಿರೂಪಾಕ್ಷಪ್ಪನವರೇ, ತಾಯಿಯವರ ಫಲಕ ಅಲ್ಲೇ ಇರಲಿ. ಕೇಬಲ್ ಕತ್ತರಿಸಲು ಒಪ್ಪಿಗೆ ಕೊಡಿ, ಕೈಮುಗಿದು ಕೇಳುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ. ನಿಮಗೆ ತಕರಾರಿದ್ದರೆ ದಯವಿಟ್ಟು ಈಗಲೇ, ಗಟ್ಟಿಯಾಗಿ ಹೇಳಿ. ನಮಸ್ಕಾರ.

ಹಾಂ, ಭಾಷಣ ಚೀಲದಲ್ಲೇ ಉಳಿದ ಕಾರಣ. ಇವತ್ತು ಬೆಳಿಗ್ಗೆ ಹೊರಡುವಾಗ ದುರುಗವ್ವ ಬಾಗಿಲಲ್ಲಿ ನಿಂತಿದ್ದರು. ನಮ್ಮ ಬಾನುಲಿಗೆ ಸನ್ಮಾನ, ನೀವೂ ಬನ್ನಿ ಎಂದೆ. ಅವರು ಸೆರಗು ಸರಿಮಾಡಿಕೊಂಡು ಹೇಳಿದರು:

“ನಾ ಯಾಕ್ ಬರಲ್ರಿ ಅಕ್ಕೋರ. ಎಂಟು ತಿಂಗಳಾತು, ದಿನಾ ಸಂಜೀಕ ರೇಡಿಯೋ ಹಚ್ಚಿ ಕುಂದರತೀನಿ, ನನ್ನ ಪದ ಬರಲೇ ಇಲ್ಲ. ಛಲೋ ಹಾಡಿಲ್ಲ ಅಂತ ನೀವ ಬಿಟ್ಟಿರಬೇಕು, ಕೇಳಿದ್ರ ನಿಮಗ ಬ್ಯಾಸರ ಆದೀತು ಅಂತ ಸುಮ್ಮನಿದ್ನಿರಿ.”