ಬೂಬನ ಸೈರನ್

ಕಾರ್ಕಳದ ಮಳೆಗೆ ಒಮ್ಮೆ ಸುರುವಾದರೆ ನಿಲ್ಲಲು ಗೊತ್ತಿಲ್ಲ. ಆ ಸಂಜೆಯೂ ಕರೆಂಟು ಹೋಗಿ, ರೊಸಾರಿಯೊ ಪೊರ್ಬುಗಳ ಜಗಲಿಯಲ್ಲಿ ಮೇಣದ ಬತ್ತಿಯ ಸುತ್ತ ಮೂವರು ಕುಳಿತಿದ್ದರು: ಪೊರ್ಬುಗಳು, ಜೀಪು ಓಡಿಸುವ ಯೋಗೀಶ್, ಕಾಡುಪ್ರಾಣಿಗಳ ಸಮೀಕ್ಷೆಗೆ ಬಂದ ನವ್ಯಶ್ರೀ. ಘಟ್ಟದ ನೆತ್ತಿಯಲ್ಲಿ ಮುಚ್ಚಿದ್ದ ಗಣಿ ಮತ್ತೆ ತೆರೆಯಬೇಕಾದರೆ ಅಲ್ಲಿ ಪ್ರಾಣಿಗಳಿಲ್ಲವೆಂದು ಅವಳು ಸಹಿ ಹಾಕಬೇಕು. ಆದರೆ ಮರಗಳಿಗೆ ಕಟ್ಟಿದ್ದ ಏಳೂ ಕ್ಯಾಮೆರಾಗಳಲ್ಲಿ ಕಾಟಿ ಎಂಬ ಕಾಡುಕೋಣ, ಕಡವೆ, ಹಂದಿ ದಿನವೂ ಒಂದೇ ಹೊತ್ತಿಗೆ ಓಡುತ್ತಿದ್ದವು. ಗಣಿ ತೆರೆಯಬಾರದೆಂದು ಯಾರೋ ಬೇಕೆಂದೇ ಅವನ್ನು ಬೆದರಿಸಿ ಕ್ಯಾಮೆರಾಗಳ ಮುಂದೆ ಓಡಿಸುತ್ತಿದ್ದಾರೆ ಎಂದು ಅವಳ ಗುಮಾನಿ. ಆ ಗುಡ್ಡವನ್ನು ಬಲ್ಲವರು ಊರಿನಲ್ಲಿ ಈ ಮುದುಕರೊಬ್ಬರೇ. ಹೊತ್ತು ಯಾವುದೆಂದು ಮಾತ್ರ ಅವಳು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

“ಓಡಿಸುವುದು ನೀವಾ ಪೊರ್ಬುಗಳೇ?” ನೇರವಾಗಿಯೇ ಕೇಳಿದಳು.

ಪೊರ್ಬುಗಳು ನಕ್ಕರು. “ನನ್ನ ಮೊಣಕಾಲು ಚರ್ಚಿನ ಮೆಟ್ಟಿಲನ್ನೇ ಹತ್ತುವುದಿಲ್ಲ ಮಗಾ... ಕೇಳಿ. ಆ ಗಣಿಯಲ್ಲಿ ಬಂಡೆ ಸಿಡಿಸುವವನು ನಾನು, ಸೈರನ್ ತಿರುಗಿಸುವವನು ಬೂಬ. ಮೂರು ಸಲ ಸೈರನ್, ಮತ್ತೆ ನಾನು ಸ್ವಿಚ್ಚು ಒತ್ತುವುದು. ಎರಡನೇ ಸೈರನ್ನಿಗೆ ಆಳುಗಳು ಇನ್ನೂ ಬೀಡಿ ಸೇದುತ್ತಾ ಇರುತ್ತಿದ್ದರು, ಕಾಟಿಗಳು ಆಗಲೇ ಹೊಳೆ ದಾಟಿ ಆಗಿರುತ್ತಿತ್ತು! ಮನುಷ್ಯನಿಗಿಂತ ಬುದ್ಧಿ ಉಂಟು, ಅಲ್ವಾ?... ಒಂದು ಆಟಿ ತಿಂಗಳು, ಹೀಗೇ ಮಳೆ, ಗುಡುಗು. ಪರ್ಮಿಟ್ ಮುಗಿದಿತ್ತು, ಕೆಳಗೆ ತಪಾಸಣೆಯವರು ಬಂದು ಕೂತಿದ್ದರು. ಇವತ್ತು ಸೈರನ್ ಬೇಡ ಅಂದರು ಧಣಿಗಳು. ಬಂಡೆ ಸಿಡಿದರೆ ಗುಡುಗು ಅನ್ನಬಹುದು, ಸೈರನ್ನಿಗೆ ಎಂತ ಹೇಳುವುದು? ಆದರೆ ಹೊಂಡದ ಬುಡದಲ್ಲಿ ಒಂದು ಕಾಟಿ ಕರು ಹಾಕಿ ಎರಡು ದಿನ ಆಗಿತ್ತು. ಬೂಬನಿಗೆ ಮನಸ್ಸು ತಡೆಯಲಿಲ್ಲ. ಕೈ ಬೀಸುತ್ತಾ, ಬಾಯಲ್ಲೇ ಸೈರನ್ ಕೂಗುತ್ತಾ ಇಳಿದ... ಆ ಗುಡುಗಿನಲ್ಲಿ ನನಗೆಲ್ಲಿ ಕೇಳಬೇಕು? ಒತ್ತಿದೆ. ನೋಡಿ... ಇದೇ ಕೈ.”

ನವ್ಯಶ್ರೀಗೆ ಅಯ್ಯೋ ಪಾಪ ಎನಿಸಿತು. ಆದರೂ ಸಂಶಯ ಬಿಡಲಿಲ್ಲ. ಕತೆ ಚೆಂದ ಉಂಟು, ಹೇಳಿಕೊಟ್ಟವರು ಯಾರೋ ಎಂದುಕೊಂಡಳು.

“ಕಾಟಿ, ಕರು ಎರಡೂ ಬದುಕಿದವು, ಬೂಬ ಉಳಿಯಲಿಲ್ಲ. ಗಣಿ ಮುಚ್ಚಿತು. ಈಗ ಪುನಃ ತೆರೆಯುವ ಮಾತು ಬಂತಲ್ಲ, ಬೂಬ ಕೆಲಸಕ್ಕೆ ಬಂದಿದ್ದಾನೆ... ನಿಮ್ಮ ಪ್ರಾಣಿಗಳು ಓಡುವುದು ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ, ಅವನ ಸೈರನ್ನಿನ ಹೊತ್ತಿಗೆ. ಹೌದಾ, ಅಲ್ಲವಾ?”

ಹೊತ್ತು ಸರಿಯಾಗಿತ್ತು. ನವ್ಯಶ್ರೀ ತಟ್ಟನೆ ಯೋಗೀಶನ ಕಡೆ ತಿರುಗಿದಳು.

“ನಾನು ಹೇಳಿಲ್ಲ ಮೇಡಂ. ನನಗೇ ಗೊತ್ತಿಲ್ಲ,” ಅಂದ ಅವನು.

“ಅವನಿಗೆ ಎಂತ ಗೊತ್ತು? ಕೇಳುವುದು ಪ್ರಾಣಿಗಳಿಗೆ, ಮತ್ತೆ ಸ್ವಿಚ್ಚು ಒತ್ತಿದವರಿಗೆ ಮಾತ್ರ. ನನಗೆ ದಿನಾ ಕೇಳುತ್ತದೆ... ನೀವು ಸಹಿ ಹಾಕಿ ಮಗಾ, ಅದೂ ಒಂದು ಸ್ವಿಚ್ಚೇ. ಹಾಕಿದ ಮರುದಿನ, ಮಣಿಪಾಲದಲ್ಲಿರಿ, ಕಾಪುವಿನಲ್ಲಿರಿ, ಮೂರಕ್ಕೆ ಹತ್ತು ನಿಮಿಷ ಇರುವಾಗ ಸ್ವಲ್ಪ ಕಿವಿ ಕೊಟ್ಟು ನೋಡಿ.”