ಚಾಪೆಯ ಅಂಚು

ಅಸ್ಸಲಾಮು ಅಲೈಕುಮ್. ನಮ್ಮ ಡಾಕ್ಟರ್ ಮಸ್ನಿಯಾ ಅವರ ಯಜಮಾನರಾದ ಜುಮ್ರಾನ್ ಅವರೇ, ಮಕ್ಕಳೇ, ಆಸ್ಪತ್ರೆಯ ಹಿರಿಯರೇ — ನಾನು ಲ್ಯಾಬಿನ ರುಕಾಯಾ. ನಾಲ್ಕನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು. ತಪ್ಪು ಮಾತಾಡಿದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹದಿನೆಂಟು ವರ್ಷ — ಗೆಡ್ಡೆಯ ಚೂರನ್ನು ಮೇಣದಲ್ಲಿಟ್ಟು, ಈರುಳ್ಳಿ ಪೊರೆಗಿಂತ ತೆಳ್ಳಗೆ ಕುಯ್ದು, ಗಾಜಿನ ಮೇಲೆ ಹಾಸೋದು ನನ್ನ ಕೆಲಸ. ಅದು ಯಾವ ರೋಗ ಅಂತ ಹೆಸರಿಡೋದು ಡಾಕ್ಟ್ರ ಕೆಲಸ. ಮಾಂಸದಲ್ಲೋ ಕೊಬ್ಬಿನಲ್ಲೋ ಎದ್ದ ಗೆಡ್ಡೆ ಸಾಧುವೋ ಕೇಡೋ — ಜೀವಕೋಶಗಳ ನೇಯ್ಗೆ ನೋಡಿ ಹೇಳೋರು. ನಾನು ಚಾಪೆ ನೇಯೋರ ಮನೆಯವಳು ಅಂತ ಗೊತ್ತಾದ ಮೇಲೆ ದಿನಾ ಕರೆಯೋರು: "ಚಿಕ್ಕಮ್ಮಾ, ಬಾ ಇಲ್ಲಿ. ಇದು ಚಾಪೆಯೋ, ಮೀನಿನ ಮುಳ್ಳೋ?" ಚಾಪೆಯಾದರೆ ಸಾಮಾನ್ಯವಾಗಿ ಉಸಿರು ಬಿಡಬಹುದು. ಮೀನಿನ ಮುಳ್ಳಿನ ಹಾಗೆ ಓರೆ ಸಾಲಾದರೆ, ಕೆಟ್ಟದ್ದು ಅಂತ ಭಯ.

ಸೋಮವಾರವೂ ಕರೆದರು. ನದಿ ಸಂತೆಯಲ್ಲಿ ದೋಣಿ ಹುಟ್ಟು ಹಾಕ್ತಾ ಬಾಳೆಹಣ್ಣು ಮಾರೋ ಅರ್ಬಾಯಾ — ಅವಳ ತೋಳಿನ ಗೆಡ್ಡೆ. ಬಗ್ಗಿ ನೋಡಿ, "ಮುಳ್ಳೇ ಡಾಕ್ಟ್ರೇ, ಕೆಟ್ಟದ್ದೇ" ಅಂದೆ, ದೊಡ್ಡ ಪಂಡಿತೆ ಹಾಗೆ.

"ಬಾಯಲ್ಲಿ ಒಳ್ಳೆ ಮಾತೇ ಬರಲ್ವಾ ನಿಂಗೆ? ಚಾಪೆ ಅಂಚು ಮಡಚ್ತೀಯಲ್ಲ, ಅಲ್ಲಿ ಹುಲ್ಲು ಹೇಗೆ ಕಾಣುತ್ತೆ?" ಅಂತ ಡಾಕ್ಟ್ರು ಗದರಿದರು.

ನಾಲಿಗೆ ಕಚ್ಚಿಕೊಂಡೆ. ಓರೆ ಓರೆ — ಥೇಟ್ ಮುಳ್ಳಿನ ಹಾಗೆ! ನಾನು ಚೂರು ತೆಗೆದದ್ದು ಗೆಡ್ಡೆಯ ಅಂಚಿಂದ.

"ನಡುವಿಂದ ಇನ್ನೊಂದು ಕುಯ್ಯಿ. ಆತುರ ಬೇಡ. ನಾವು ಕೆಟ್ಟದ್ದು ಅಂತ ಹೆಸರಿಟ್ರೆ ಆಪರೇಷನ್ ಮಾಡೋರು ತೋಳನ್ನೇ ತೆಗೀತಾರೆ" ಅಂದರು. ಚೀಟಿಯಲ್ಲಿ ಕೆಟ್ಟ ಗೆಡ್ಡೆಯ ಹೆಸರು ಬರೆದು, ಮುಂದೆ ಒಂದು ಕೊಕ್ಕೆ ಎಳೆದರು.

ಮಂಗಳವಾರ — ಅವರ ಎದೆಬಡಿತ ನಿಂತಿತು.

ಆ ಗಲಾಟೆಯಲ್ಲಿ ಟೈಪಿಸ್ಟ್ ಸಮ್ಸುರಿ ಆ ಚೀಟಿ ಹಿಡಿದು ಕೇಳಿದ, "ಅಕ್ಕಾ, ಇದೇನು ಕೊಕ್ಕೆ?" ನಾನು — ನಾನೇ — "ಪೆನ್ನು ಜಾರಿರಬೇಕು, ಬಿಡೋ" ಅಂದೆ. ಅವನು ಕೊಕ್ಕೆ ಬಿಟ್ಟು, ಬರೀ ಕೆಟ್ಟ ಹೆಸರನ್ನೇ ರಿಪೋರ್ಟಿನಲ್ಲಿ ಟೈಪ್ ಮಾಡಿ ಕಳಿಸಿದ. ಇವತ್ತು ಬೆಳಿಗ್ಗೆ ಅವರ ಮೇಜು ಒರೆಸುವಾಗ ಹಳೇ ಚೀಟಿಗಳು ಸಿಕ್ಕವು. ಎಷ್ಟೊಂದರಲ್ಲಿ ಅದೇ ಕೊಕ್ಕೆ, ಆಮೇಲೆ ಆ ಹೆಸರು ಹೊಡೆದು ಹಾಕಿ ಬೇರೆ ಹೆಸರು! ಅದು ಪೆನ್ನು ಜಾರಿದ್ದಲ್ಲ ಸ್ವಾಮಿ — ಪ್ರಶ್ನೆ ಗುರುತು. ಅವರ ಅನುಮಾನ.

ಡಾಕ್ಟರ್ ಯುಸ್ರಾನ್, ಎರಡನೇ ಸಾಲಲ್ಲಿದ್ದೀರಿ. ನಾಳೆ ಬೆಳಿಗ್ಗೆ ಆ ತೋಳು ತೆಗೆಯೋರು ನೀವೇ. ಹಗಲೆಲ್ಲ ನಿಮ್ಮ ಬಾಗಿಲಲ್ಲಿ ನಿಂತೆ, ನೀವು ಆಪರೇಷನ್ನಿನಲ್ಲಿದ್ದಿರಿ. ನಡುವಿನ ಚೂರು ಕುಯ್ದಿಟ್ಟಿದ್ದೇನೆ — ಇಲ್ಲಿ ಇನ್ನು ಓದೋರಿಲ್ಲ. ಸುರಬಾಯಾದ ದೊಡ್ಡ ಆಸ್ಪತ್ರೆಗೆ ಕಳಿಸಿ. ಕೆಟ್ಟದ್ದೇ ಇರಬಹುದು, ನನಗೇನು ಗೊತ್ತು — ಆದರೆ ಓದಿಸಿ. ಬೇಕಾದರೆ ನನ್ನನ್ನು ಕೆಲಸದಿಂದ ತೆಗೀರಿ, ಅಲ್ಲೀವರೆಗೆ ಅವಳ ತೋಳು ತೆಗೀಬೇಡಿ.

ಈಗ ದಯವಿಟ್ಟು ಎಲ್ಲರೂ ಎದ್ದೇಳಿ. ನಮ್ಮ ಡಾಕ್ಟ್ರಿಗಾಗಿ ಮೌನವಾಗಿ ನಿಲ್ಲೋಣ. ಯುಸ್ರಾನ್ ಅವರೇ, ನೀವು ಮಾತ್ರ ಹೊರಗೆ ಹೋಗಿ, ನಾಳೆಯ ಆಪರೇಷನ್ ನಿಲ್ಲಿಸಿ ಅಂತ ಫೋನ್ ಮಾಡಿ —

ನೀವು ಒಳಗೆ ಬರೋವರೆಗೆ ನಾವು ನಿಂತೇ ಇರ್ತೀವಿ.